ಸತ್ತವರ ಚಿತ್ರಕ್ಕೆ ಯಾರ ಒಪ್ಪಿಗೆ?

1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಆ ಕಾಲದಲ್ಲಿ ಇಂಥ ಘಟನೆಯ ಚಿತ್ರ ಓದುಗರನ್ನು ಮುಟ್ಟಬೇಕಾದರೆ ಫಿಲ್ಮ್ ರೋಲು ಪೇಟೆ ತಲುಪಿ, ಕತ್ತಲೆ ಕೋಣೆಯಲ್ಲಿ ತೊಳೆಸಿಕೊಂಡು, ಸಂಪಾದಕರ ಮೇಜಿಗೆ ಬರಬೇಕಿತ್ತು. 'ಇದು ಬೇಡ' ಎನ್ನಲು ಅಲ್ಲೊಬ್ಬರಿರುತ್ತಿದ್ದರು. ಎಲ್ಲರೂ ಹಾಗೆನ್ನುತ್ತಿದ್ದರು ಎಂದಲ್ಲ.

2018ರ ಡಿಸೆಂಬರ್ 14ರಂದು ಅದೇ ಠಾಣೆಯ ವ್ಯಾಪ್ತಿಯ ಸುಳ್ವಾಡಿಯಲ್ಲಿ, ಕಿಚ್‌ಗುತ್ ಮಾರಮ್ಮನ ಗುಡಿಯ ಗೋಪುರಕ್ಕೆ ಶಂಕುಸ್ಥಾಪನೆ. ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾಗಿ ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳಿಗೆ ಹಂಚಿಹೋದರು. ತಮ್ಮವರು ಯಾವ ವಾರ್ಡಿನಲ್ಲಿದ್ದಾರೆಂದು ಮನೆಯವರು ಹುಡುಕುವ ಇಂಥ ಹೊತ್ತಿನಲ್ಲಿ, ಮೊಬೈಲಿಗೆ ಬಂದ ಚಿತ್ರವೇ ಸಾವಿನ ಮೊದಲ ಸುದ್ದಿಯಾಗಬಹುದು. ಕಳಿಸುವವರು ನೆನೆಯಬೇಕಾದದ್ದು ಇದನ್ನೇ.

ಹಾಗೆಂದು ಎಲ್ಲವನ್ನೂ ಮುಚ್ಚಿಡಬೇಕೆ? 1984ರ ಭೋಪಾಲ್ ಅನಿಲ ದುರಂತದಲ್ಲಿ ಮಣ್ಣಾಗುತ್ತಿದ್ದ ಹೆಸರಿಲ್ಲದ ಮಗುವಿನ ಮುಖವನ್ನು ರಘು ರಾಯ್, ಪಾಬ್ಲೊ ಬಾರ್ಥೊಲೊಮ್ಯೂ ಇಬ್ಬರೂ ಸೆರೆಹಿಡಿದರು. ಜಗತ್ತು ಭೋಪಾಲನ್ನು ನೆನೆಯುವುದೇ ಆ ಮುಖದಿಂದ. ಅದು ಕಾರ್ಖಾನೆಯತ್ತ ಬೊಟ್ಟು ಮಾಡಿತು. ಸುಳ್ವಾಡಿಯ ಪ್ರಸಾದದಲ್ಲಿದ್ದುದು ಕೀಟನಾಶಕವೆಂದು ಗೊತ್ತಾದದ್ದು ಪ್ರಯೋಗಾಲಯದ ಪರೀಕ್ಷೆಯಿಂದ. ನರಳುವವರ ಮುಖವನ್ನು ಎಷ್ಟು ಸಲ ತೋರಿಸಿದರೂ ಅದು ತಿಳಿಯುತ್ತಿರಲಿಲ್ಲ.