ಹಿಮದ ರಸ್ತೆಗೆ ಎಷ್ಟು ಉಪ್ಪು?

ಕುದುರೆಗಾಡಿಗಳ ಕಾಲದಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳ ಹಳ್ಳಿಗರಿಗೆ ಹಿಮ ಬಿದ್ದ ರಸ್ತೆ ತೊಂದರೆಯೇ ಆಗಿರಲಿಲ್ಲ. ಚಳಿಗಾಲ ಬಂತೆಂದರೆ ಚಕ್ರದ ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ ಜಾರುಗಾಡಿ ಹೂಡುತ್ತಿದ್ದರು. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆ ಮರದ ಭಾರಿ ಉರುಳೆಗಳನ್ನು ಕುದುರೆಗಳಿಂದ ಎಳೆಸಿ ಹಿಮವನ್ನು ಗಟ್ಟಿಯಾಗಿ ಅದುಮುತ್ತಿದ್ದರು. ಚಾವಣಿ ಇದ್ದ ಮರದ ಸೇತುವೆಗಳ ಒಳಗೆ ಹಿಮ ಬೀಳುವುದಿಲ್ಲವಲ್ಲ, ಅಲ್ಲಿಗೆ ಸಲಿಕೆಯಲ್ಲಿ ಹಿಮ ತಂದು ಹರಡಲು ಆಳುಗಳನ್ನೇ ಇಟ್ಟಿದ್ದರು! ರಸ್ತೆ ಬೇಸಿಗೆಯಲ್ಲಿದ್ದಷ್ಟೇ ಬರಿದಾಗಿರಬೇಕು ಎಂಬ ನಿರೀಕ್ಷೆ ಮೋಟಾರಿನ ಜೊತೆ ಬಂದದ್ದು. ಅದನ್ನು ಪೂರೈಸಲು ಹೊರಟು ತೆತ್ತ ಬೆಲೆಯೇ ಹಿಮದ ರಸ್ತೆ ನಿರ್ವಹಣೆಯ ಚರಿತ್ರೆ ಎಂದರೂ ನಡೆದೀತು.

ನಗರಗಳು ಮೊದಲೇ ಎಚ್ಚೆತ್ತವು. 1862ರಲ್ಲಿ ಮಿಲ್ವಾಕಿಯಲ್ಲಿ ಕುದುರೆ ಎಳೆಯುವ ಹಿಮದ ನೇಗಿಲು ಬೀದಿಗಿಳಿಯಿತು. ಉಪ್ಪು ಹಾಕಿ ನೋಡಿದವರೂ ಇದ್ದರು. ಜಾರುಗಾಡಿಯವರು, ಬೂಟು ಹಾಳಾಯಿತೆಂದ ಪಾದಚಾರಿಗಳು ಕೂಗಾಡಿದರು. 1888ರ ಮಾರ್ಚ್‌ನ ಹಿಮಬಿರುಗಾಳಿ ನ್ಯೂಯಾರ್ಕನ್ನು ಹೂತುಹಾಕಿದಾಗ ತಂತಿಗಳನ್ನು ನೆಲದಡಿಗೆ ಇಳಿಸಬೇಕೆಂಬ ಒತ್ತಾಯ ಬಲವಾಯಿತು, ಸುರಂಗ ರೈಲಿನ ಮಾತೂ ಗಂಭೀರವಾಯಿತು. ನೇಗಿಲು ಹಿಮವನ್ನು ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ. ರಾಶಿಯನ್ನು ದೂರ ಸಾಗಿಸುವುದು ಬೇರೆಯೇ ಕೆಲಸ. ಅದಕ್ಕೆ 1925ರಲ್ಲಿ ಕ್ವಿಬೆಕ್‌ನ ಆರ್ಥರ್ ಸಿಕಾರ್ ಹಿಮವನ್ನು ಕೊರೆದು ದೂರಕ್ಕೆ ಎಸೆಯುವ ಯಂತ್ರ ಕಟ್ಟಿದರು. ಹೊಲದ ಒಕ್ಕಣೆ ಯಂತ್ರ ನೋಡಿ ಹೊಳೆದ ಉಪಾಯವಂತೆ.

ಅಲ್ಲಿಯವರೆಗೂ ಜಾರುವ ಕಡೆ ಹೆಚ್ಚಾಗಿ ಬೀಳುತ್ತಿದ್ದದ್ದು ಮರಳು ಮತ್ತು ಕಲ್ಲಿದ್ದಲ ಬೂದಿ. 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ತನ್ನ ಹೆದ್ದಾರಿಗಳಲ್ಲಿ ಉಪ್ಪಿನ ಪ್ರಯೋಗ ಶುರುಮಾಡಿತು. 1941–42ರ ಚಳಿಗಾಲದಲ್ಲಿ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್. 1955ಕ್ಕೆ ಅದು ಹತ್ತು ಲಕ್ಷ ಟನ್ ಮುಟ್ಟಿತು. ಮುಂದಿನ ಹದಿನೈದು ವರ್ಷದೊಳಗೆ ಕೋಟಿಯ ಹತ್ತಿರ ಬಂತು. ಯುದ್ಧ ಮುಗಿದಿತ್ತು, ಉಪನಗರಗಳು ಬೆಳೆದಿದ್ದವು, ಕೆಲಸಕ್ಕೆ ಕಾರಿನಲ್ಲೇ ಹೋಗಬೇಕಿತ್ತು. ಉಪ್ಪಿಗೇನು ಬರ? ಡೆಟ್ರಾಯಿಟ್ ನಗರದ ಕೆಳಗೆ 350 ಮೀಟರ್ ಆಳದಲ್ಲಿ ಗಣಿಯಿದೆ. ಕೆನಡಾದ ಗಾಡ್ರಿಚ್‌ನಲ್ಲಿ ಹ್ಯೂರನ್ ಸರೋವರದ ತಳಕ್ಕಿಂತಲೂ ಕೆಳಗೆ ಜಗತ್ತಿನ ಅತಿ ದೊಡ್ಡ ಉಪ್ಪಿನ ಗಣಿಯೇ ಇದೆ.

ಉಪ್ಪು ಹಿಮವನ್ನು ಕರಗಿಸುತ್ತದೆ ಎನ್ನುವುದು ಅರ್ಧ ನಿಜ. ಮಂಜುಗಡ್ಡೆಯ ಮೈಮೇಲಿನ ತೆಳು ನೀರಿನಲ್ಲಿ ಹರಳು ಕರಗಿ ಉಪ್ಪುನೀರಾಗುತ್ತದೆ. ಅದು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಕುಲ್ಫಿಯವರು ಐಸಿಗೆ ಉಪ್ಪು ಬೆರೆಸುವುದೂ ಇದೇ ನಿಯಮವನ್ನು ನಂಬಿ. ಈ ಉಪ್ಪುನೀರು ಕೆಳಗಿಳಿದು ಗಡ್ಡೆ ಮತ್ತು ಡಾಂಬರಿನ ನಡುವಿನ ಹಿಡಿತ ಬಿಡಿಸಬೇಕು. ಆಮೇಲಿನ ಕೆಲಸ ನೇಗಿಲಿನದು. ಪೂರ್ತಿ ಕರಗಿಸಲು ಹೊರಟವನು ಉಪ್ಪನ್ನು ದಂಡ ಮಾಡುತ್ತಾನೆ. ಚಳಿ ಹೆಚ್ಚಿದಂತೆ ಉಪ್ಪಿನ ಕಸುವೂ ಇಳಿಯುತ್ತದೆ. ಮೈನಸ್ 1 ಡಿಗ್ರಿಯಲ್ಲಿ ಒಂದು ಕಿಲೋ ಉಪ್ಪು ಸುಮಾರು 46 ಕಿಲೋ ಮಂಜುಗಡ್ಡೆ ಕರಗಿಸಿದರೆ, ಮೈನಸ್ 12ರಲ್ಲಿ ಐದೇ ಕಿಲೋ. ಪುಸ್ತಕದ ಲೆಕ್ಕದಲ್ಲಿ ಮೈನಸ್ 21ರವರೆಗೆ ಉಪ್ಪು ನಡೆಯುತ್ತದೆ. ರಸ್ತೆಯ ಲೆಕ್ಕದಲ್ಲಿ ಮೈನಸ್ 9 ದಾಟಿದರೆ ಕೆಲಸ ಬಲು ನಿಧಾನ. ಅದಕ್ಕೂ ಕೆಳಗೆ ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಕ್ಲೋರೈಡ್ ಬೇಕು, ಇಲ್ಲವೇ ಮತ್ತೆ ಮರಳೇ ಗತಿ.

ಇಷ್ಟೆಲ್ಲ ಗೊತ್ತಿದ್ದೂ ಸುರಿದದ್ದೇಕೆ? ಕಾರಣ ವಿಜ್ಞಾನದಲ್ಲಿಲ್ಲ, ಮತಪೆಟ್ಟಿಗೆಯಲ್ಲಿದೆ. 1979ರ ಜನವರಿಯಲ್ಲಿ ಶಿಕಾಗೋ ಹಿಮದಡಿ ಸಿಲುಕಿತು. ಬೀದಿಗಳು ತೆರವಾಗಲಿಲ್ಲ, ರೈಲುಗಳು ಕೈಕೊಟ್ಟವು. ಫೆಬ್ರುವರಿಯಲ್ಲಿ ನಡೆದ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮೇಯರ್ ಮೈಕೆಲ್ ಬಿಲಾಂಡಿಕ್ ಸೋತು ಜೇನ್ ಬರ್ನ್ ಗೆದ್ದರು. ಆ ಪಾಠವನ್ನು ಅಮೆರಿಕದ ಯಾವ ಮೇಯರೂ ಮರೆತಿಲ್ಲ. ಹೆಚ್ಚು ಉಪ್ಪು ಸುರಿದದ್ದಕ್ಕೆ ಕುರ್ಚಿ ಕಳೆದುಕೊಳ್ಳುವ ಭಯವಿಲ್ಲ. ಕಡಿಮೆ ಸುರಿದರೆ ಇದೆ. ಉಪ್ಪಿನಿಂದ ಅಪಘಾತ ಇಳಿದದ್ದೂ ನಿಜವೇ. ಮಾರ್ಕ್ವೆಟ್ ವಿಶ್ವವಿದ್ಯಾಲಯದ 1992ರ ಅಧ್ಯಯನ ಅದನ್ನು ಸ್ಪಷ್ಟವಾಗಿ ತೋರಿಸಿತು. ಆದ್ದರಿಂದ ಉಪ್ಪೇ ಬೇಡ ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ.

ಬೆಲೆ ನಿಧಾನವಾಗಿ ಲೆಕ್ಕಕ್ಕೆ ಬಂತು. ಮೊದಲು ಕಾರುಗಳ ತಳ ತುಕ್ಕು ಹಿಡಿಯಿತು. ಆಮೇಲೆ ಸೇತುವೆಗಳ ಕಾಂಕ್ರೀಟಿನೊಳಗೆ ಕ್ಲೋರೈಡ್ ಇಳಿದು ಕಬ್ಬಿಣದ ಸರಳುಗಳನ್ನು ತಿನ್ನಿತು. 1970ರ ದಶಕದಲ್ಲಿ ಸರಳಿಗೆ ಎಪಾಕ್ಸಿ ಲೇಪ ಹಚ್ಚುವ ರೂಢಿ ಬಂದದ್ದು ಇದರಿಂದಲೇ. ಕಡೆಗೆ ಬಾವಿ, ಹಳ್ಳ, ಸರೋವರ. ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಒಮ್ಮೆ ನೀರಿಗೆ ಬಿದ್ದರೆ ತೆಗೆಯುವುದು ಬಲು ದುಬಾರಿ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ 19 ಲೀಟರ್ ನೀರನ್ನು ಜಲಚರಗಳಿಗೆ ಒಗ್ಗದಂತೆ ಕೆಡಿಸಲು ಸಾಕು ಎಂದು ಸರೋವರಗಳ ನಾಡಾದ ಮಿನೆಸೋಟ ತನ್ನ ಜನರಿಗೆ ಹೇಳುತ್ತಲೇ ಇದೆ. 2001ರಲ್ಲಿ ಕೆನಡಾ ಸರ್ಕಾರದ ಪರಿಶೀಲನೆ ರಸ್ತೆಯ ಉಪ್ಪು ಪರಿಸರಕ್ಕೆ ಹಾನಿಕರ ಎಂದು ತೀರ್ಮಾನಿಸಿತು. 2004ರಲ್ಲಿ ಬಳಕೆಯ ಸಂಹಿತೆ ಬಂತು. ನಿಷೇಧಿಸುವ ಧೈರ್ಯ ಯಾರಿಗಿದೆ?

1987ರಲ್ಲಿ ಶುರುವಾದ ಹೆದ್ದಾರಿ ಸಂಶೋಧನಾ ಯೋಜನೆಯೊಂದು ಅಮೆರಿಕದಲ್ಲಿ ದಿಕ್ಕು ಬದಲಿಸಿತು. ಹಿಮ ಬಿದ್ದು ಅಂಟಿದ ಮೇಲೆ ಬಿಡಿಸುವ ಬದಲು ಅಂಟದಂತೆ ಮೊದಲೇ ತಡೆಯುವುದು ಆ ದಿಕ್ಕು. ಬಿರುಗಾಳಿಯ ಹಿಂದಿನ ದಿನ ಲಾರಿಯ ಹಿಂಬದಿಯ ಕೊಳವೆಗಳು ಶೇಕಡಾ 23ರ ಉಪ್ಪುನೀರನ್ನು ಎಳೆ ಎಳೆಯಾಗಿ ಬಿಟ್ಟುಹೋಗುತ್ತವೆ. ಒಣಗಿದ ಮೇಲೆ ರಸ್ತೆಯುದ್ದಕ್ಕೂ ಸಮಾನಾಂತರ ಬಿಳಿ ಗೆರೆಗಳು. ಒಣ ಹರಳು ಎರಚಿದರೆ ಸುಮಾರು ಮೂರನೇ ಒಂದು ಪಾಲು ಪುಟಿದು ಚರಂಡಿ ಸೇರುತ್ತದೆ, ಒದ್ದೆ ಮಾಡಿ ಎರಚಿದರೆ ಬಿದ್ದಲ್ಲೇ ಕೂರುತ್ತದೆ. ರಸ್ತೆಯಲ್ಲೇ ಹುದುಗಿಸಿದ ಸಂವೇದಕಗಳು ಗಾಳಿಯದಲ್ಲ, ಡಾಂಬರಿನದೇ ಉಷ್ಣಾಂಶ ಹೇಳುತ್ತವೆ. ಸಕ್ಕರೆ ಬೀಟ್ ರಸ, ವಿಸ್ಕಾನ್ಸಿನ್‌ನ ಚೀಸ್ ಕಾರ್ಖಾನೆಗಳ ಉಪ್ಪುನೀರು ಪತ್ರಿಕೆಗಳಿಗೆ ಸೊಗಸಾದ ಸುದ್ದಿ. ಆದರೆ ನಿಜವಾದ ಹೆಜ್ಜೆ ಈ ಬಡಪಾಯಿ ಥರ್ಮಾಮೀಟರಿನದೇ ಎಂಬುದು ನನ್ನ ಎಣಿಕೆ. ಇಷ್ಟಾದರೂ ಅಮೆರಿಕ ಇಂದಿಗೂ ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ ಸುರಿಯುತ್ತಿದೆ.

ಟೈರಿನ ಕಥೆ ಬೇರೆ ದಾರಿ ಹಿಡಿಯಿತು. 1934ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ಚಳಿಗಾಲದ ಟೈರ್ ಬಂತು. ಮೊಳೆ ಬಡಿದ ಟೈರುಗಳು ಜಪಾನಿನ ಉತ್ತರದ ನಗರಗಳಲ್ಲಿ ಡಾಂಬರನ್ನೇ ಉಜ್ಜಿ ದೂಳೆಬ್ಬಿಸಿದಾಗ 1990ರಲ್ಲಿ ಅವುಗಳ ವಿರುದ್ಧ ಕಾನೂನೇ ಆಯಿತು.

ನಮ್ಮ ಹಿಮಾಲಯದ ಸಮಸ್ಯೆ ಉಪ್ಪಿಗೆ ಬಗ್ಗುವಂಥದ್ದಲ್ಲ. ಕಾಶ್ಮೀರ–ಲಡಾಖ್ ನಡುವಿನ, 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆ ದಾರಿಯಲ್ಲಿ ಹಿಮದ ಗೋಡೆಗಳನ್ನು ಯಂತ್ರದಿಂದ ಕೊಯ್ಯಬೇಕು, ಮೇಲಿನಿಂದ ಹಿಮಕುಸಿತ ಕಾಯುತ್ತಿರುತ್ತದೆ. ಹಿಂದೆ ಐದಾರು ತಿಂಗಳು ಮುಚ್ಚಿರುತ್ತಿದ್ದ ಆ ದಾರಿಯನ್ನು 2025ರಲ್ಲಿ ಗಡಿ ರಸ್ತೆ ಸಂಸ್ಥೆ 32 ದಿನಕ್ಕೇ ತೆರೆಯಿತು. ರೋಹ್ತಾಂಗ್ ಕಣಿವೆ ದಾರಿಗೆ 2020ರಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗವೇ ಉತ್ತರವಾಯಿತು.

ಮಿನಿಯಾಪೊಲಿಸ್, ಟೊರಾಂಟೊ ಕಡೆ ಮೊದಲ ಚಳಿಗಾಲ ಕಾಣುತ್ತಿರುವ ಕನ್ನಡಿಗರಿಗೆ ಎರಡು ಮಾತು. ಸೇತುವೆಗೆ ಮೇಲೂ ಕೆಳಗೂ ತಣ್ಣನೆ ಗಾಳಿ, ಹಾಗಾಗಿ ಅದು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಒದ್ದೆಯಂತೆ ಕಾಣುವ ಕಪ್ಪು ನೆಲ ಗಾಜಿನಷ್ಟು ನುಣುಪಾದ ಮಂಜುಗಡ್ಡೆ ಆಗಿರಬಹುದು. ಉಷ್ಣಾಂಶ 7 ಡಿಗ್ರಿಗಿಂತ ಇಳಿದಾಗ ಬೇಸಿಗೆಯ ಟೈರಿನ ರಬ್ಬರ್ ಬಿರುಸಾಗುತ್ತದೆ, ಟೈರ್ ಬದಲಿಸಿ. ಎಬಿಎಸ್ ಬ್ರೇಕ್ ಸ್ಟೀರಿಂಗ್ ಉಳಿಸಿಕೊಡುತ್ತದೆ, ಮಂಜುಗಡ್ಡೆಯ ಮೇಲೆ ಹಿಡಿತ ಹುಟ್ಟಿಸುವುದಿಲ್ಲ. ಮುಂದಿನ ಗಾಡಿಯಿಂದ ದೂರವಿರಿ, ಹಿಮ ತಳ್ಳುವ ಲಾರಿಯನ್ನು ಹಿಂದಿಕ್ಕಬೇಡಿ. ಇನ್ನು ಮನೆಯ ಮುಂದಿನ ದಾರಿಗೆ ಚೀಲಗಟ್ಟಲೆ ಸುರಿಯಬೇಡಿ. ಮೊದಲು ಸಲಿಕೆ ಹಿಡಿಯಿರಿ. ಆಮೇಲೆ ಇಪ್ಪತ್ತು ಅಡಿ ಉದ್ದದ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು.