ಯಾವ ಪ್ರಶ್ನೆಗೆ ಯಾವ ವಿಧಾನ?



ಹೊಸೂರು ರಸ್ತೆಯ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಕಾರ್ಮಿಕರ ಬದುಕನ್ನು ಅಧ್ಯಯನ ಮಾಡಲು ನೀವು ಹೊರಟಿದ್ದೀರಿ ಎಂದುಕೊಳ್ಳಿ. ಪ್ರಶ್ನಾವಳಿ ಹಂಚುವಿರಾ? ಸಂದರ್ಶನ ನಡೆಸುವಿರಾ? ಅವರ ನಡುವೆಯೇ ಬಾಡಿಗೆ ಕೋಣೆ ಹಿಡಿದು ಇರುವಿರಾ? ಈ ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ನಾಡಿನ ಸಮಾಜಶಾಸ್ತ್ರದ ಚರಿತ್ರೆಯೇ ತಿಳಿಸುತ್ತದೆ.

ಮೈಸೂರಿನವರಾದ ಎಂ. ಎನ್. ಶ್ರೀನಿವಾಸ್ (1916–1999) 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದನ್ನು 'ರಾಂಪುರ' ಎಂದು ಕರೆದರು. ಜಾತಿಯನ್ನು ಶಾಸ್ತ್ರಗ್ರಂಥಗಳಿಂದಲೇ ಅರಿಯುವ ರೂಢಿ ಆಗ ಬಲವಾಗಿತ್ತು. ಊರಿನಲ್ಲಿ ಜಾತಿಗಳು ನಿಜಕ್ಕೂ ಹೇಗೆ ಕೂಡಿ ಬಾಳುತ್ತವೆ ಎಂಬುದು ಶ್ರೀನಿವಾಸರ ಪ್ರಶ್ನೆ. ಅದನ್ನು ಕಣ್ಣಾರೆ ಕಂಡೇ ತಿಳಿಯಬೇಕಿತ್ತು. ಆಕ್ಸ್‌ಫರ್ಡಿನ ತರಬೇತಿ, ಕ್ಷೇತ್ರಕಾರ್ಯಕ್ಕೆ ದೊರೆತ ಬಿಡುವು, ಬಲ್ಲ ಕನ್ನಡ – ಇವೆಲ್ಲ ಸೇರಿ ಸಹಭಾಗಿ ಅವಲೋಕನವನ್ನು ಸಾಧ್ಯವಾಗಿಸಿದವು.

ಈ ವಿಧಾನಕ್ಕೂ ಮಿತಿಯಿತ್ತು. ಅವರು ಬ್ರಾಹ್ಮಣರು, ಊರಿನ ಮುಖಂಡರ ಆಶ್ರಯದಲ್ಲಿದ್ದವರು. ಮೇಲ್ಜಾತಿಯ ಗಂಡಸರ ಲೋಕ ತೆರೆದುಕೊಂಡಷ್ಟು ಹೆಂಗಸರ, ದಲಿತರ ಲೋಕ ಅವರಿಗೆ ತೆರೆದುಕೊಳ್ಳಲಿಲ್ಲ. ಇದನ್ನು ಅವರೇ ಒಪ್ಪಿಕೊಂಡರು. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದವು. ಆಗ ನೆನಪನ್ನೇ ಮುಖ್ಯ ಆಧಾರವಾಗಿಸಿಕೊಂಡು ಬರೆದರು. ಆ ಗ್ರಂಥ 1976ರಲ್ಲಿ ಪ್ರಕಟವಾಯಿತು.

1954ರಲ್ಲಿ ಮಂಡ್ಯ ಸೀಮೆಗೆ ಬಂದ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ಪ್ರಶ್ನೆ ಬೇರೆ: ನಾಲೆಯ ನೀರು ಊರನ್ನು ಹೇಗೆ ಬದಲಿಸುತ್ತದೆ? ಇದಕ್ಕೆ ಹೋಲಿಕೆ ಬೇಕು, ಅಂಕಿಅಂಶ ಬೇಕು. ಆದ್ದರಿಂದ ನೀರಾವರಿಯ ಊರೊಂದನ್ನು, ಒಣಭೂಮಿಯ ಊರೊಂದನ್ನು ಆರಿಸಿದರು. ಮನೆವಾರು ಸಮೀಕ್ಷೆಯ ಜೊತೆಗೆ ಅಲ್ಲಿಯೇ ಇದ್ದು ಅವಲೋಕಿಸಿದರು. ಬದಲಾವಣೆಯನ್ನು ಅಳೆಯಲು 1970ರಲ್ಲಿ ಮತ್ತೆ ಬಂದರು.

ಈಗ ಬೊಮ್ಮಸಂದ್ರಕ್ಕೆ ಮರಳೋಣ. ಎಷ್ಟು ಮಂದಿ ಹೊರ ಊರುಗಳಿಂದ ಬಂದವರು ಎಂದು ತಿಳಿಯಲು ಸಮೀಕ್ಷೆ ಸಾಕು. ಗುತ್ತಿಗೆ ಕಾರ್ಮಿಕರ ಅಳಲನ್ನು ಅರಿಯಲು ಅದು ಸಾಲದು. ಮಾಲೀಕರ ಅನುಮತಿ ಪಡೆದು ಕಾರ್ಖಾನೆಯೊಳಗೆ ಪ್ರಶ್ನೆ ಕೇಳಿದರೆ, ಕೆಲಸ ಹೋದೀತೆಂಬ ಭಯದಿಂದ ಉತ್ತರವೇ ಬದಲಾಗಬಹುದು. ಕನ್ನಡ ಬಾರದವರಿಗೆ ಕನ್ನಡದ ಪ್ರಶ್ನಾವಳಿ ತಲುಪದು. ಹಗಲಿನಲ್ಲಷ್ಟೇ ಹೋದರೆ ರಾತ್ರಿ ಪಾಳಿಯವರು ನಿಮಗೆ ಸಿಗುವುದಿಲ್ಲ.

ಹೀಗೆ ಪ್ರಶ್ನೆ, ಸಿದ್ಧಾಂತ, ಕಾಲ, ಹಣ, ಭಾಷೆ, ಜನರ ನಂಬಿಕೆ, ಸಂಶೋಧಕರ ಸ್ಥಾನಮಾನ – ಎಲ್ಲವೂ ವಿಧಾನವನ್ನು ನಿರ್ಧರಿಸುತ್ತವೆ. ನಿಮ್ಮ ವಿಧಾನ ಯಾವುದೇ ಇರಲಿ, ಅದರಿಂದ ಯಾರ ಮಾತು ಕೇಳದೆ ಉಳಿಯುತ್ತದೆ ಎಂದು ಮೊದಲೇ ಯೋಚಿಸಿ. ವರದಿಯಲ್ಲಿ ಅದನ್ನೂ ಬರೆಯಿರಿ.