‘ಸಾವುಬೋನಾ’ ಫಾರ್ವರ್ಡ್ ಎಷ್ಟು ನಿಜ?

ದಕ್ಷಿಣ ಆಫ್ರಿಕಾದ ಜುಲು ಜನ ಎದುರಾದಾಗ ‘ಸಾವುಬೋನಾ’, ಅಂದರೆ ‘ನಾನು ನಿನ್ನನ್ನು ನೋಡುತ್ತಿದ್ದೇನೆ’ ಎನ್ನುತ್ತಾರಂತೆ. ಅದಕ್ಕೆ ‘ನೀನು ನೋಡಿದ್ದರಿಂದಲೇ ನಾನಿದ್ದೇನೆ’ ಎಂಬ ಉತ್ತರ ಬರುತ್ತದಂತೆ. ಈ ಸಂದೇಶ ನಿಮಗೂ ಬಂದಿರಬಹುದು.

ಇದು ಅರ್ಧ ನಿಜ. ಪದದ ಮೂಲದಲ್ಲಿ ‘ನೋಡು’ ಇದೆ. ಆದರೆ ಅಲ್ಲಿರುವುದು ‘ನಾನು’ ಅಲ್ಲ, ‘ನಾವು’. ದಿನಬಳಕೆಯಲ್ಲಂತೂ ಅದು ಬರೀ ನಮಸ್ಕಾರ. ಫೋನಿನಲ್ಲಿ ‘ನಮಸ್ಕಾರ’ ಎನ್ನುವಾಗ ನಾವೇನು ಬಾಗುತ್ತೇವೆಯೇ? ಸಾಮಾನ್ಯ ಉತ್ತರ ‘ಯೆಬೋ’, ಅಂದರೆ ಹೌದು. ‘ನ್ಗಿಖೋನಾ’ (ಇದ್ದೇನೆ) ಎಂಬುದು ‘ಉಂಜಾನಿ?’ (ಹೇಗಿದ್ದೀಯ?) ಎಂಬ ಪ್ರಶ್ನೆಗೆ ಬರುವ ಉತ್ತರ. ನಮ್ಮ ‘ಹೂಂ, ಇದ್ದೀನಪ್ಪ’ ಇದ್ದ ಹಾಗೆ. ಅದರಲ್ಲಿ ತತ್ತ್ವಜ್ಞಾನ ಹುಡುಕಬೇಕಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ‘ಉಯಾಗುಲಾ’ ಎಂದು ಬರೆದರೆ ನಿನಗೆ ಹುಷಾರಿಲ್ಲ, ಅವನಿಗೆ ಹುಷಾರಿಲ್ಲ, ಅವಳಿಗೆ ಹುಷಾರಿಲ್ಲ, ಮೂರೂ ಆಗಬಹುದು. ಮಾತಿನಲ್ಲಾದರೆ ‘ನಿನಗೋ, ಬೇರೆಯವರಿಗೋ’ ಎಂಬುದು ದನಿಯ ಏರಿಳಿತದಿಂದ ಗೊತ್ತಾಗುತ್ತದೆ. ಗಂಡೋ ಹೆಣ್ಣೋ ಎಂಬುದು ಆಗಲೂ ತಿಳಿಯದು. ಇಂಗ್ಲಿಷಿಗೆ ತರುವಾಗ ಆ್ಯಪ್ ಸಾಮಾನ್ಯವಾಗಿ ಒಂದನ್ನು ಊಹಿಸಿಬಿಡುತ್ತದೆ. ಕಾಯಿಲೆ, ಔಷಧಿಯ ಸಂದೇಶವಾದರೆ ಕಳಿಸಿದವರನ್ನೇ ‘ಯಾರಿಗೆ?’ ಎಂದು ಕೇಳಿಬಿಡಿ.